ಅಲಿಂಪುಯೊನ ಮೂಗು

ನನ್ನ ಅಣ್ಣ ಡೆನ್ಸಿಯೊನ ಮೂಗು ಚಪ್ಪಟೆ. ಎಡ ಹುಬ್ಬಿನ ನಡುವೆ ಕುದುರೆ ಒದ್ದ ಗಾಯದ ಗೆರೆ. ಬಲ ಕಿವಿ ತಲೆಗೆ ಒತ್ತಿಕೊಳ್ಳದೆ ಹೊರಗೆ ಚಾಚಿಕೊಂಡಿತ್ತು. ಇಷ್ಟನ್ನು ಈಗಲೂ ಬಾಯಿಪಾಠ ಒಪ್ಪಿಸಬಲ್ಲೆ. ಒಪ್ಪಿಸುವುದಷ್ಟೇ, ಕಣ್ಣು ಮುಚ್ಚಿದರೆ ಅವನು ಕಾಣುವುದಿಲ್ಲ. ಕಾಣದಂತೆ ಮಾಡಿದವನೂ ನಾನೇ. ಹಾಡಹಗಲಲ್ಲಿ, ಕಚೇರಿಯ ಮೇಜಿನ ಮುಂದೆ ಕೂತು, ಸಂಬಳ ತೆಗೆದುಕೊಂಡು ಆ ಕೆಲಸ ಮಾಡಿದೆ.

ನಲವತ್ತೈದರ ಫೆಬ್ರವರಿಯಲ್ಲಿ ಮನಿಲಾ ಹೊತ್ತಿ ಉರಿಯುತ್ತಿದ್ದಾಗ ಜಪಾನಿ ಸೈನಿಕರು ನಮ್ಮ ಬೀದಿಯ ಗಂಡಸರನ್ನೆಲ್ಲ ಚರ್ಚಿಗೆ ಅಟ್ಟಿದರು. ನನಗೆ ಆಗ ಹತ್ತೊಂಬತ್ತು. ಚಳಿಜ್ವರ ಹಿಡಿದು, ನೆಲಹಲಗೆಯ ಕೆಳಗೆ ಕೋಳಿ ಕೂಡುವ ಜಾಗದಲ್ಲಿ ಬಿದ್ದುಕೊಂಡಿದ್ದೆ. ಬಾಗಿಲಿಗೆ ಹೋದವನು ಡೆನ್ಸಿಯೊ. ಅವನು ಕುದುರೆಗಾಡಿ ಹೊಡೆಯುತ್ತಿದ್ದ, ಕೂಗಿ ಕೂಗಿ ದನಿ ಒಡೆದುಹೋಗಿತ್ತು. "ಮನೇಲಿ ಗಂಡಸು ಅಂತ ಇರೋದು ನಾನೊಬ್ನೇ" ಎಂದು ಅವನು ಹೇಳಿದ್ದು ಹಲಗೆಯ ಸಂದಿಯಿಂದ ನನಗೆ ಕೇಳಿಸಿತು. ಸಂಜೆಯ ಹೊತ್ತಿಗೆ ಚರ್ಚು ಒಳಗಿದ್ದವರ ಸಮೇತ ಸುಟ್ಟುಹೋಯಿತು. ಎರಡು ದಿನ ಕಳೆದು ನಮ್ಮ ಮನೆಯೂ ಹೋಯಿತು, ಅದರೊಂದಿಗೆ ಸ್ಟುಡಿಯೋದಲ್ಲಿ ತೆಗೆಸಿದ್ದ ಅವನ ಒಂದೇ ಒಂದು ಫೋಟೋ ಕೂಡ. ಹೂಳಲು ಮೂಳೆಯೂ ಸಿಗಲಿಲ್ಲ. ಅಮ್ಮ ಮತ್ತು ನಾನು ಊರಿನ ಬಡವರ ಕೇರಿಯಾದ ಟೊಂಡೊದಲ್ಲಿ ತಗಡಿನ ಗೂಡೊಂದನ್ನು ಕಟ್ಟಿಕೊಂಡೆವು. ಅವಳು ಬೇರೆಯವರ ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಸಂಸಾರ ತೂಗಿಸಿದಳು.

ನಾನು ಚಿತ್ರ ಬರೆಯಲು ಕಲಿತದ್ದು ಕಸದ ಗುಂಡಿಯಲ್ಲಿ. ಅಮೆರಿಕದ ಸೈನಿಕರು ಓದಿ ಎಸೆದ ಬಣ್ಣದ ಚಿತ್ರಪುಸ್ತಕಗಳು ಅವರ ಶಿಬಿರದ ಹಿಂದೆ ರಾಶಿ ಬೀಳುತ್ತಿದ್ದವು. ಅವುಗಳ ತುಂಬ ಮೈಗಂಟಿದ ಬಟ್ಟೆ ತೊಟ್ಟು, ಹೆಗಲಿಗೆ ಪರದೆ ಕಟ್ಟಿಕೊಂಡು ಹಾರುವ ಗಂಡಸರು. ಒಬ್ಬೊಬ್ಬನ ಎದೆಯೂ ಬಾಗಿಲಿನಷ್ಟು ಅಗಲ. ಟೊಂಡೊದ ಅರ್ಧ ಚಿತ್ರಗಾರರು ಆ ರಾಶಿಯ ಮೇಲೆ ಕೂತೇ ಕೈ ತಿದ್ದಿಕೊಂಡವರು. ನಮ್ಮದೇ ಭಾಷೆಯ ಚಿತ್ರಪತ್ರಿಕೆಗಳು ಶುರುವಾದಾಗ ನಾವೆಲ್ಲ ಕುಂಚ ಹಿಡಿದು ಸಾಲಾಗಿ ನಿಂತೆವು.

ನಮ್ಮ ಪತ್ರಿಕೆಯ ಸಂಪಾದಕರು ಮಾಂಗ್ ಗುಸ್ತಿಂಗ್. ಬೆಳಗಿನಿಂದ ಸಂಜೆವರೆಗೆ ಬಾಯಲ್ಲಿ ಆರಿಹೋದ ಚುಟ್ಟಾ. ಐವತ್ತನೇ ಇಸವಿಯಲ್ಲಿ ಒಂದು ದಿನ ನನ್ನನ್ನು ಕರೆದು ಹೇಳಿದರು.

"ನಮಗೂ ಹಾರೋನು ಒಬ್ಬ ಬೇಕು ಕಣಯ್ಯಾ. ಅಮೆರಿಕದವನು ಬೇಡ, ನಮ್ಮವನು. ಹಾರಬೇಕು, ಹೊಡೀಬೇಕು, ಭಾನುವಾರ ಚರ್ಚಿಗೂ ಹೋಗಬೇಕು."

"ಚಡ್ಡಿ ಹೊರಗಡೆ ಹಾಕ್ಬೇಕಾ, ಮಾಂಗ್ ಗುಸ್ತಿಂಗ್?"

"ಅದು ನಿನಗೆ ಬಿಟ್ಟಿದ್ದು. ಒಟ್ಟು ಹಾಕಿದ್ರೆ ಸಾಕು."

ಹೀಗೆ ಅಲಿಂಪುಯೊ ಹುಟ್ಟಿದ. ಸುಂಟರಗಾಳಿ ಎಂದು ಅದರ ಅರ್ಥ. ಬಡ ಗಾಡಿಯವನು. ಸತ್ತ ಅಪ್ಪನ ಕೆಂಪು ಕರ್ಚೀಫು ಕತ್ತಿಗೆ ಕಟ್ಟಿಕೊಂಡರೆ ಸಾಕು, ಗಾಳಿ ಎದ್ದು ಅವನನ್ನು ಹೊತ್ತೊಯ್ಯುತ್ತದೆ. ಮೊದಲ ಕಂತಿನಲ್ಲಿ ಹೊರಗಿನಿಂದ ಬೀಗ ಹಾಕಿದ ಚರ್ಚೊಂದು ಉರಿಯುತ್ತದೆ. ಅಲಿಂಪುಯೊ ಬಾಗಿಲು ಕಿತ್ತೆಸೆದು, ಒಳಗಿದ್ದವರನ್ನು ಕಂಕುಳಲ್ಲಿ ಇಬ್ಬಿಬ್ಬರಂತೆ ಹೊರಗೆ ತರುತ್ತಾನೆ. ಒಬ್ಬನೂ ಸಾಯುವುದಿಲ್ಲ. ನನಗೆ ಬೇಕಾಗಿದ್ದುದು ಅಷ್ಟೇ, ಅದನ್ನು ಮುಚ್ಚಿಟ್ಟು ಏನೂ ಆಗಬೇಕಿಲ್ಲ. ಅವನಿಗೆ ಯಾವ ಮುಖ ಕೊಡಲಿ ಎಂದು ನಾನು ಯೋಚಿಸಲೇ ಇಲ್ಲ. ಪೆನ್ಸಿಲ್ ಇಟ್ಟ ಕೂಡಲೇ ಚಪ್ಪಟೆ ಮೂಗು, ಸೀಳಿದ ಹುಬ್ಬು, ಚಾಚಿದ ಕಿವಿ ತಾವಾಗಿ ಬಂದು ಕೂತವು.

ಪತ್ರಿಕೆ ಬಂದ ದಿನ ಮೂಲೆಯ ಅಂಗಡಿಯ ಆಲಿಂಗ್ ಮೆಂಗ್ ಅದನ್ನು ದಾರಕ್ಕೆ ನೇತುಹಾಕಿದ್ದಳು. ಅಲ್ಲೇ ಬೆಂಚಿನ ಮೇಲೆ ಕೂತು ಓದಿ ಹಿಂದಿರುಗಿಸುವ ಏರ್ಪಾಡು. ನಮ್ಮ ಅಮ್ಮನಿಗೆ ಓದು ಅಷ್ಟಕ್ಕಷ್ಟೇ. ಆದರೂ ಅವಳು ಆ ಪತ್ರಿಕೆಯನ್ನು ಕೊಂಡೇ ತಂದಳು.

"ಬೆರೊ, ಇವನ್ಯಾರು?"

"ಅಲಿಂಪುಯೊ, ನಾನಾಯ್," ಎಂದೆ. ಅಮ್ಮನನ್ನು ನಾನು ಕರೆಯುವುದು ಹಾಗೆ.

"ಹೆತ್ತೋಳಿಗೇ ಹೇಳಿಕೊಡ್ತೀಯಾ?" ಅವಳ ಬೆರಳು ಹುಬ್ಬಿನ ಗೆರೆಯ ಮೇಲಿತ್ತು. "ಈ ಗಾಯಾನ ಸೀಬೆ ಎಲೆ ಕುದಿಸಿ ತೊಳೆದೋಳು ನಾನು. ಹದಿನೈದು ದಿನ ತೊಳೆದಿದ್ದೀನಿ. ನಂಗೆ ಗೊತ್ತಾಗಲ್ವಾ?"

ಅವಳು ಬಹಳ ಹೊತ್ತು ಅತ್ತಳು, ಆಮೇಲೆ ಕತ್ತರಿ ತಂದು ಆ ಮುಖವನ್ನು ಸುತ್ತಲೂ ಕತ್ತರಿಸಿ ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟುಕೊಂಡಳು. ಶುಕ್ರವಾರ ಕಿಯಾಪೊ ಚರ್ಚಿನಲ್ಲಿ ಕಪ್ಪು ಕ್ರಿಸ್ತನ ವಿಗ್ರಹದ ಪಾದವನ್ನು ಜನ ಕರ್ಚೀಫಿನಿಂದ ಒರೆಸಿ, ಅದೇ ಕರ್ಚೀಫನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಅಮ್ಮ ದಿನಾ ಬೆಳಿಗ್ಗೆ ಆ ಚಿತ್ರಕ್ಕೂ ಹಾಗೇ ಮಾಡತೊಡಗಿದಳು. ಮೆಲ್ಲಗೆ ಒಂದು ಸಲ ಒರೆಸುವುದು, ಕಣ್ಣಿಗೆ ಒತ್ತಿಕೊಳ್ಳುವುದು, ಆಮೇಲೆ ಒಗೆಯುವ ಬಟ್ಟೆಯ ಗಂಟು ಬಿಚ್ಚುವುದು.

ಅಲಿಂಪುಯೊ ಜನರಿಗೆ ಹಿಡಿಸಿಬಿಟ್ಟ. ಆರನೇ ವಾರಕ್ಕೆ ರೇಡಿಯೋದವರು ಬಂದು ಕಥೆಯನ್ನು ಕೊಂಡುಹೋದರು. ದಿನಾ ಸಂಜೆ ಕಾಲು ಗಂಟೆಯ ಪ್ರಸಾರ. ಗಾಳಿಯ ಸದ್ದಿಗೆ ಒಬ್ಬ ರೇಷ್ಮೆ ಬಟ್ಟೆ ಸುತ್ತಿದ ಚಕ್ರ ತಿರುಗಿಸುತ್ತಿದ್ದ. ಅಲಿಂಪುಯೊನಿಗೆ ದನಿ ಕೊಟ್ಟವನು ಕುಳ್ಳ, ಬೋಳುತಲೆಯವನು, ಹೊಟ್ಟೆ ಮೈಕಿಗೆ ತಾಗುತ್ತಿತ್ತು, ಆದರೆ ಗಂಟಲು ಮಾತ್ರ ಗುಡುಗು. ಆಲಿಂಗ್ ಮೆಂಗಳ ಅಂಗಡಿಯ ಮುಂದೆ ಇಡೀ ಬೀದಿ ಕೂತು ಕೇಳುತ್ತಿತ್ತು. ಅಮ್ಮ ಎರಡು ದಿನ ಕೇಳಿ ಮೂರನೇ ದಿನ ಎದ್ದುಬಂದಳು.

"ಅವರಿಗೆ ಹೋಗಿ ಹೇಳು. ನಮ್ಮ ಡೆನ್ಸಿಯೊನ ದನಿ ಒಡಕು. ಇವನು ಯಾರೋ ಪಾದ್ರಿ ಮಾತಾಡಿದ ಹಾಗೆ ಮಾತಾಡ್ತಾನೆ."

"ಅದು ನಾಟಕ, ನಾನಾಯ್. ಅವರಿಗೆ ಡೆನ್ಸಿಯೊ ಯಾರು ಅಂತಾನೇ ಗೊತ್ತಿಲ್ಲ."

"ಅದಕ್ಕೇ ಹೇಳು ಅಂದಿದ್ದು."

ಹದಿನಾಲ್ಕನೇ ವಾರಕ್ಕೆ ಸಿನಿಮಾದವರು ಬಂದರು. ನಮ್ಮಲ್ಲಿ ಕಥೆ ಮುಗಿಯುವವರೆಗೆ ಕಾಯುವ ಪದ್ಧತಿಯೇ ಇಲ್ಲ. ಪತ್ರಿಕೆಯಲ್ಲಿ ವಾರವಾರ ಬರುತ್ತಿರುವಾಗಲೇ ಶೂಟಿಂಗ್ ಶುರು, ಕೊನೆಯ ಕಂತು ಬರುವ ವಾರವೇ ಸಿನಿಮಾ ಬಿಡುಗಡೆ. ಜನ ಅಂಗಡಿಯಲ್ಲಿ ಓದಿ ಮುಗಿಸಿ ನೇರ ಥಿಯೇಟರಿಗೆ ನಡೆಯಬೇಕು. ನಿರ್ಮಾಪಕ ನನ್ನ ಮೇಜಿನ ಅಂಚಿನ ಮೇಲೆ ಕೂತು ಕೇಳಿದ.

"ಕೊನೇಲಿ ಏನಾಗತ್ತೆ?"

"ಇನ್ನೂ ಗೊತ್ತಿಲ್ಲ."

"ಬೇಗ ಗೊತ್ತುಮಾಡ್ಕೊ ಮಾರಾಯ. ಸೋಮವಾರ ಕ್ಯಾಮೆರಾ ಇಡ್ತಿದ್ದೀನಿ."

ನಾಯಕ ಯಾರೆಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ಅರ್ಮಾಂಡೊ ವಿಲ್ಯಾಲ್ಬಾ. ಅಜ್ಜ ಸ್ಪೇನಿನವನು. ಹಾಲಿನಂಥ ಬಣ್ಣ, ಇಸ್ತ್ರಿ ಮಾಡಿದಂಥ ಕೂದಲು, ಹಣೆಯಿಂದಲೇ ಇಳಿದುಬರುವ ಮೂಗು. ಕುದುರೆಗಾಡಿಯಲ್ಲಿ ಕೂತು ಪ್ರಯಾಣ ಮಾಡುವ ಮುಖ ಅದು, ಲಗಾಮು ಹಿಡಿಯುವ ಮುಖವಲ್ಲ.

ಬಿಡುಗಡೆಯ ದಿನ ಅಮ್ಮನನ್ನು ಅವೆನಿಡಾ ರಸ್ತೆಯ ಥಿಯೇಟರಿಗೆ ಕರೆದೊಯ್ದೆ. ಭಾನುವಾರದ ಉಡುಪು ತೊಟ್ಟು, ಕೂದಲಿಗೆ ತೆಂಗಿನೆಣ್ಣೆ ಹಚ್ಚಿ, ಮಗನನ್ನು ನೋಡಲು ಹೊರಟವಳ ಹಾಗೆ ಹೊರಟಳು. ತೆರೆಯ ಮೇಲೆ ಬರುವುದು ಬೇರೆಯವನ ಮುಖ ಎಂದು ಮೊದಲೇ ಹೇಳಿಬಿಡಬೇಕಿತ್ತು. ಬೆಳ್ಳಿತೆರೆಯ ಮೇಲೆ ಚರ್ಚು ಉರಿಯಿತು, ಬಾಗಿಲು ಮುರಿಯಿತು, ವಿಲ್ಯಾಲ್ಬಾ ಹೊಗೆಯೊಳಗಿನಿಂದ ಬಂದ, ಸಭಾಂಗಣವೆಲ್ಲ ಸಿಳ್ಳೆ ಹೊಡೆಯಿತು. ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಅಮ್ಮನ ಮಡಿಲಲ್ಲಿ ಹಾಗೇ ಇತ್ತು. ಮುಕ್ಕಾಲು ಗಂಟೆ ಕಳೆದ ಮೇಲೆ ಅವಳು ನನ್ನ ಕಿವಿಗೆ ಬಾಗಿದಳು.

"ನಮ್ಮ ಡೆನ್ಸಿಯೊ ಯಾವಾಗ ಬರ್ತಾನೆ?"

ಹಿಂದಿನ ಸಾಲಿನವನೊಬ್ಬ "ಶ್ಶ್, ಅಜ್ಜಿ" ಎಂದ. ನಾನು ಅವಳ ಕೈ ಹಿಡಿದುಕೊಂಡೆ. ಸಿನಿಮಾ ಮುಗಿಯುವವರೆಗೂ ಅವಳು ಕಾದಳು. ಟ್ರಾಮು ಹಳಿ ಕಿತ್ತುಹೋಗಿದ್ದ ರಸ್ತೆಯಲ್ಲಿ ನಾವು ಮನೆವರೆಗೆ ನಡೆದೇ ಬಂದೆವು.

ಸಿನಿಮಾ ಎಂಟು ವಾರ ಓಡಿತು. ಪತ್ರಿಕೆಗೆ ಓದುಗರ ಕಾಗದಗಳು ಮೂಟೆಗಟ್ಟಲೆ ಬಂದವು. ಮಾಂಗ್ ಗುಸ್ತಿಂಗ್ ಒಂದನ್ನು ಎತ್ತಿ ಎಲ್ಲರಿಗೂ ಕೇಳುವ ಹಾಗೆ ಓದಿದರು.

"'ನಿಮ್ಮ ಚಿತ್ರಗಾರನಿಗೆ ಅಲಿಂಪುಯೊನ ಮುಖ ಬರೆಯಲು ಬರುವುದಿಲ್ಲ. ದಯವಿಟ್ಟು ಅವನನ್ನು ಒಮ್ಮೆ ಸಿನಿಮಾಕ್ಕೆ ಕಳಿಸಿ.' ಕೇಳಿದೆಯಾ? ಸಿಬು ಊರಿನ ಹುಡುಗಿ ಬರೆದಿರೋದು."

ಕಚೇರಿಯವರೆಲ್ಲ ನಕ್ಕರು. ನಾನು ಕೂಡ ನಕ್ಕೆ.

"ಮಾಂಗ್ ಗುಸ್ತಿಂಗ್, ಅಲಿಂಪುಯೊನ ಮುಖ ಮೊದಲು ಬರೆದದ್ದು ನಾನು."

"ಇರಬಹುದಪ್ಪ. ಆದರೆ ನಿನ್ನ ಅಲಿಂಪುಯೊನ ಮೂಗಿನ ಮೇಲೆ ಯಾರೋ ಗಾಡಿ ಹತ್ತಿಸಿದ ಹಾಗಿದೆ. ಜನ ಈಗ ವಿಲ್ಯಾಲ್ಬಾನ್ನ ನೋಡಿದ್ದಾರೆ. ಮುಂದಿನ ವಾರದಿಂದ ಅಲಿಂಪುಯೊನ ಎರಡನೇ ಕಥೆ ಶುರು, ಅದರಲ್ಲಿ ಅವನ ಮುಖಾನೇ ಬರಿ. ಇನ್ನೊಂದು ವಿಷಯ. ಹಳೇ ಕಂತುಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡ್ತಿದ್ದೀವಿ. ಅದರಲ್ಲೂ ಬದಲಾಯಿಸು. ಹೊಸ ಮುಖ ಬರೆದು ಹಳೇದರ ಮೇಲೆ ತೇಪೆ ಹಾಕು."

"ಆಗಲ್ಲ ಅಂದ್ರೆ?"

ಅವರು ಚುಟ್ಟಾವನ್ನು ಬಾಯಿಂದ ತೆಗೆದರು, ಅಪರೂಪಕ್ಕೆ. "ಆಗತ್ತೆ ಅನ್ನೋರು ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದಾರೆ, ಬೆರೊ. ನಂಗೆ ನಿನ್ನ ಮೇಲೆ ಸಿಟ್ಟಿಲ್ಲ. ಕೆಲಸ ಹೇಳ್ತಿದ್ದೀನಿ ಅಷ್ಟೇ."

ನಾನು ಬಿಟ್ಟು ಹೋಗಬಹುದಿತ್ತು. ಅಮ್ಮನ ಕೈಬೆರಳುಗಳು ಸೋಡಾಪುಡಿಗೆ ಒಡೆದು ರಕ್ತ ಬರುತ್ತಿದ್ದ ಕಾಲ ಅದು, ಆದ್ದರಿಂದ ಬಿಡಲಿಲ್ಲ. ಆದರೆ ಒಳಗೊಳಗೇ ಒಂದು ಉಪಾಯ ಹೂಡಿದೆ. ತೇಪೆಗೆ ಕಚೇರಿಯಲ್ಲಿ ರಬ್ಬರ್ ಅಂಟು ಬಳಸುತ್ತಿದ್ದರು. ಅದು ವರ್ಷ ಕಳೆದರೆ ಹಳದಿಗಟ್ಟಿ ಕೆಳಗಿನ ಚಿತ್ರವನ್ನು ತಿಂದುಹಾಕುತ್ತದೆ. ಬಟ್ಟೆಯ ಗಂಜಿಯಿಂದ ಅಂಟಿಸಿದರೆ ಹಾಗಲ್ಲ. ಒದ್ದೆ ಬಟ್ಟೆ ಇಟ್ಟರೆ ತೇಪೆ ಮೆತ್ತಗೆ ಎದ್ದುಬರುತ್ತದೆ, ನಮ್ಮ ಕಪ್ಪು ಶಾಯಿಗೆ ನೀರು ತಾಗಿದರೆ ಏನೂ ಆಗುವುದಿಲ್ಲ. ಡೆನ್ಸಿಯೊ ಕೆಳಗೆ ಹಾಗೇ ಇರುತ್ತಾನೆ, ಬೇಕಾದಾಗ ಮೇಲಿನವನನ್ನು ಕಿತ್ತರಾಯಿತು ಎಂದು ಲೆಕ್ಕ ಹಾಕಿದೆ. ಆ ಲೆಕ್ಕ ನನ್ನನ್ನು ಎಷ್ಟು ನೆಮ್ಮದಿಯಲ್ಲಿಟ್ಟಿತ್ತು ಎಂದರೆ, ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಗಂಜಿ ಕಾಯಿಸಿಕೊಟ್ಟವಳು ಅಮ್ಮ.

"ಕಚೇರೀಲಿ ಗಂಜಿ ಯಾಕೋ?"

"ಕಾಗದ ಅಂಟಿಸಕ್ಕೆ, ನಾನಾಯ್."

"ಹಾಗಾದ್ರೆ ಸ್ವಲ್ಪ ಗಟ್ಟಿ ಮಾಡ್ತೀನಿ. ತೆಳ್ಳಗಾದ್ರೆ ಬಿಟ್ಟುಕೊಳ್ಳತ್ತೆ."

ಒಂಬತ್ತು ದಿನ ಅವಳು ಗಂಜಿ ಕಾಯಿಸಿ ಡಬ್ಬಿಗೆ ತುಂಬಿಕೊಟ್ಟಳು, ಒಂಬತ್ತು ದಿನ ನಾನು ಅದನ್ನು ಅವಳ ಮಗನ ಮುಖಕ್ಕೆ ಬಳಿದೆ. ಇನ್ನೂರ ಹನ್ನೆರಡು ಮುಖಗಳು. ಉಗುರಿನಷ್ಟು ಚಿಕ್ಕವೂ ಇದ್ದವು, ಅಂಗೈಯಷ್ಟು ದೊಡ್ಡವೂ ಇದ್ದವು. ಪ್ರತಿಯೊಂದರ ಮೇಲೂ ವಿಲ್ಯಾಲ್ಬಾ. ಪುಸ್ತಕ ಅಚ್ಚಾದ ಮೇಲೆ ಮೂಲ ಹಾಳೆಗಳು ಉಗ್ರಾಣಕ್ಕೆ ಹೋಗಿ ಅಲ್ಲಿಂದ ರದ್ದಿಗೆ ಹೋಗುವುದು ಕಚೇರಿಯ ಕ್ರಮ. ಉಗ್ರಾಣದವನಿಗೆ ಎರಡು ಬಾಟಲಿ ಬಿಯರು ಕೊಟ್ಟು ಆ ಕಟ್ಟನ್ನು ಮನೆಗೆ ತಂದೆ. ಹಣ್ಣಿನ ಪೆಟ್ಟಿಗೆಯೊಳಗಿಟ್ಟು, ಮೇಲೆ ಗೋಣಿ ಸುತ್ತಿ, ಮಂಚದ ಕೆಳಗೆ ತಳ್ಳಿದೆ. ತೆರೆದು ನೋಡಲು ನಾಚಿಕೆ. ಅಲ್ಲಿದ್ದಾನಲ್ಲ, ಸಾಕು ಎಂದುಕೊಂಡೆ.

ಆಮೇಲೆ ಎರಡು ವರ್ಷ ನಾನು ವಿಲ್ಯಾಲ್ಬಾನನ್ನು ಬರೆದೆ. ವಾರಕ್ಕೆ ಹತ್ತು, ಹನ್ನೆರಡು ಮುಖ. ಅವನು ಕೋಪಗೊಂಡದ್ದು, ಅತ್ತದ್ದು, ಬಗ್ಗಿ ನೋಡಿದ್ದು, ಹಾರುವಾಗ ಕೆಳಗಿನಿಂದ ಕಂಡದ್ದು. ಮೊದಮೊದಲು ಸಿನಿಮಾದ ಫೋಟೋಗಳನ್ನು ಎದುರಿಗೆ ಅಂಟಿಸಿಕೊಂಡು ಬರೆಯುತ್ತಿದ್ದೆ, ಕೈ ಮತ್ತೆ ಮತ್ತೆ ಚಪ್ಪಟೆ ಮೂಗಿಗೆ ಜಾರುತ್ತಿತ್ತು, ರಬ್ಬರಿನಿಂದ ಅಳಿಸುತ್ತಿದ್ದೆ. ಬರುಬರುತ್ತಾ ಜಾರುವುದು ನಿಂತಿತು. ಫೋಟೋಗಳನ್ನೂ ತೆಗೆದುಹಾಕಿದೆ. ಪತ್ರಿಕೆಯಲ್ಲಿ ಮುಖ ಬದಲಾದದ್ದನ್ನು ಅಮ್ಮ ನೋಡಿದಳೋ ಇಲ್ಲವೋ, ಆ ಸಿನಿಮಾದ ನಂತರ ಅವಳು ಪತ್ರಿಕೆ ಕೇಳಲೇ ಇಲ್ಲ. ಅವಳಿಗೆ ಪ್ರಾರ್ಥನೆ ಪುಸ್ತಕದೊಳಗಿನದೊಂದಿತ್ತು.

ಐವತ್ಮೂರರ ಅಕ್ಟೋಬರು ಕೊನೆಯಲ್ಲಿ ಒಂದು ಮಧ್ಯಾಹ್ನ ಅವಳು ನನ್ನ ಮುಂದೆ ಬಂದು ಕೂತಳು. ಸತ್ತವರ ಹಬ್ಬಕ್ಕೆ ನಾಲ್ಕು ದಿನವಿತ್ತು. ಬೀದಿಯವರೆಲ್ಲ ಸಮಾಧಿಗೆ ಸುಣ್ಣ ಬಳಿಯಲು ಹೊರಟಿದ್ದರು. ನಮಗೆ ಬಳಿಯಲು ಸಮಾಧಿಯಿಲ್ಲ, ಪ್ರತಿವರ್ಷ ಮನೆಯ ಪ್ರಾರ್ಥನೆಯ ಪೀಠದ ಮೇಲೆಯೇ ಮೇಣದಬತ್ತಿ ಹಚ್ಚುತ್ತಿದ್ದೆವು.

"ಬೆರೊ, ಇನ್ನೊಂದು ಕೊಡು."

ಪ್ರಾರ್ಥನೆಯ ಪುಸ್ತಕ ತೆರೆದು ತೋರಿಸಿದಳು. ಆ ಅಗ್ಗದ ಕಾಗದ ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಸುತ್ತಲಿನ ಅಂಚಿನಲ್ಲಿ ಕೆಂಪು ಕರ್ಚೀಫಿನ ಒಂದು ಮೂಲೆ ಉಳಿದಿತ್ತು, ನಡುವೆ ಏನೂ ಇರಲಿಲ್ಲ. ಮೂರು ವರ್ಷ ದಿನಾ ಒರೆಸಿ ಒರೆಸಿ ಮಗನನ್ನು ಅವಳೇ ಅಳಿಸಿಬಿಟ್ಟಿದ್ದಳು.

"ಎಷ್ಟು ದಿನ ಆಯ್ತು ಹೀಗಾಗಿ?"

"ಕಣ್ಣು ಮಂಜಾಗಿದೆ ಅಂದ್ಕೊಂಡಿದ್ದೆ. ನಿನ್ನೆ ಆಲಿಂಗ್ ಮೆಂಗ್ ನೋಡಿ ಹೇಳಿದ್ಲು, ಕಾಗದದಲ್ಲೇ ಏನೂ ಇಲ್ಲ ಅಂತ." ಅವಳು ನಗಲು ನೋಡಿದಳು. "ನೀನು ಬರೆದೋನು, ನಿನ್ನ ಹತ್ರ ಇರಬೇಕಲ್ವಾ?"

"ಇದೆ, ನಾನಾಯ್. ಇನ್ನೂರು ಇವೆ," ಎಂದೆ. ಹಾಗೆ ಹೇಳುವಾಗ ನನಗೆ ಹೆಮ್ಮೆಯೇ ಆಯಿತು. ಗಂಜಿಯ ವಿಷಯವನ್ನೂ ಅವಳಿಗೆ ಹೇಳಿದೆ, ಯಾಕೆ ಕಾಯಿಸಿದ್ದು, ಯಾರ ಮೇಲೆ ಬಳಿದದ್ದು ಎಲ್ಲ. ಅವಳು ಬೈಯಲಿಲ್ಲ. "ತೆಗಿ, ತೆಗಿ" ಎಂದು ಬೋಗುಣಿಯಲ್ಲಿ ನೀರು, ಒಂದು ಹಳೆಯ ಬಟ್ಟೆ ತಂದಿಟ್ಟಳು.

ಗೋಣಿ ಬಿಚ್ಚಿ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಜಿರಲೆಗಳು ನನ್ನ ಮೊಣಕೈವರೆಗೆ ಹತ್ತಿಬಂದವು.

ಜಿರಲೆಗೆ ಗಂಜಿ ಎಂದರೆ ಪ್ರಾಣ. ಟೊಂಡೊದಲ್ಲಿ ಬೆಳೆದವನು ನಾನು, ಗಂಜಿ ಹಾಕಿದ ಅಂಗಿಯನ್ನು ಹೊರಗೆ ಬಿಟ್ಟರೆ ಬೆಳಿಗ್ಗೆ ಕಾಲರು ಇರುವುದಿಲ್ಲ ಎಂದು ಬಟ್ಟೆ ಒಗೆಯುವವಳ ಮಗನಿಗೆ ಬೇರೆ ಯಾರಾದರೂ ಹೇಳಿಕೊಡಬೇಕೇ? ರಬ್ಬರ್ ಅಂಟನ್ನು ಅವು ಮೂಸಿಯೂ ನೋಡುತ್ತಿರಲಿಲ್ಲ. ಹಾಳೆ ಎತ್ತಿ ಹಿಡಿದೆ. ಕುದುರೆ ಇತ್ತು. ಗಾಡಿ, ಮೋಡ, ಉರಿಯುವ ಚರ್ಚು, ಚರ್ಚಿನಿಂದ ಹೊರಬರುವ ಗಂಡಸರು, ಹಾರುವ ಮೈ, ಗಾಳಿಗೆ ಎದ್ದ ಕರ್ಚೀಫು ಎಲ್ಲ ಬರೆದಂತೆಯೇ ಇದ್ದವು. ಮುಖವಿರಬೇಕಾದ ಕಡೆ ತೂತು. ಗಂಜಿ ತಾಗಿದಲ್ಲೆಲ್ಲ ಅವು ವಿಲ್ಯಾಲ್ಬಾನನ್ನೂ ತಿಂದು, ಕೆಳಗಿದ್ದವನನ್ನೂ ತಿಂದು, ಆಚೆ ಬದಿಗೆ ಹೊರಬಿದ್ದಿದ್ದವು. ಒಂದೊಂದೇ ಹಾಳೆ ತಿರುವಿದೆ. ಅಮ್ಮ ನನ್ನ ಪಕ್ಕದಲ್ಲಿ ಒದ್ದೆ ಬಟ್ಟೆ ಹಿಡಿದು ಕೂತಿದ್ದಳು. ಕೊನೆಯ ಹಾಳೆಯವರೆಗೂ ಕೂತಿದ್ದಳು.

"ಸರಿ ಬಿಡು," ಎಂದಳು ಆಮೇಲೆ. "ಹೊಸದಾಗಿ ಬರಿ. ನಿನ್ನ ಕೈಯಲ್ಲಿದೆಯಲ್ಲ."

ಹಳೆಯ ಪತ್ರಿಕೆಗಳು ಅಂಗಡಿಯಿಂದಲೂ ಕಚೇರಿಯಿಂದಲೂ ಎಂದೋ ರದ್ದಿಗೆ ಹೋಗಿದ್ದವು. ಬರೆಯಲು ಕೂತೆ. ಒಳ್ಳೆಯ ದಪ್ಪ ಕಾಗದ, ಹೊಸ ನಿಬ್ಬು. ಮೊದಲು ಕಿವಿ ಬರೆದೆ, ಚಾಚಿದ ಕಿವಿ. ಹುಬ್ಬು ಬರೆದು ಗಾಯದ ಗೆರೆ ಎಳೆದೆ. ಮೂಗಿಗೆ ಬಂದೆ. ಚಪ್ಪಟೆ ಎಂದು ಮನಸ್ಸು ಹೇಳಿತು, ಕೈ ಚಪ್ಪಟೆಯಾಗಿಯೇ ಬರೆಯಿತು. ಆದರೆ ಅದು ಯಾವುದೋ ದಾರಿಹೋಕನ ಚಪ್ಪಟೆ ಮೂಗು. ಅಳಿಸಿದೆ, ಮತ್ತೆ ಬರೆದೆ. ಕಣ್ಣು, ಬಾಯಿ, ಗಲ್ಲ ಕೂಡಿಸುತ್ತಾ ಹೋದಂತೆ ಮುಖ ತಾನಾಗಿ ಒಂದು ಕಡೆಗೆ ತಿರುಗಿಕೊಳ್ಳುತ್ತಿತ್ತು. ಮೂರು ದಿನ ಕಚೇರಿಗೆ ರಜೆ ಹಾಕಿದೆ. ನೆಲದ ಮೇಲೆ ನಲವತ್ತು ಕಾಗದ ಹರಡಿತ್ತು. ನಲವತ್ತರಲ್ಲೂ ವಿಲ್ಯಾಲ್ಬಾ ಇದ್ದ, ಒಂದರಲ್ಲಿ ಹುಬ್ಬು ಸೀಳಿಕೊಂಡು, ಒಂದರಲ್ಲಿ ಮೂಗು ಜಜ್ಜಿಸಿಕೊಂಡು.

"ನಾನಾಯ್, ಡೆನ್ಸಿಯೊ ಅಣ್ಣನ ಗಲ್ಲ ಹೇಗಿತ್ತು?"

"ನಿಮ್ಮಪ್ಪನ ಹಾಗೆ."

"ಅಪ್ಪನದು ಹೇಗಿತ್ತು?"

ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ತನ್ನ ಗಲ್ಲವನ್ನೇ ಬೆರಳಿನಿಂದ ತಡವಿ ನೋಡಿಕೊಂಡಳು. "ಚೆನ್ನಾಗಿತ್ತು," ಎಂದಳು.

ನವೆಂಬರು ಒಂದರ ಬೆಳಿಗ್ಗೆ ಇದ್ದುದರಲ್ಲಿ ಕೊನೆಯ ಚಿತ್ರಕ್ಕೆ ಶಾಯಿ ಹಾಕಿದೆ. ಹರಿದುಹಾಕಬೇಕು, ಸೋತೆ ಎಂದು ಅವಳಿಗೆ ಹೇಳಿಬಿಡಬೇಕು ಎಂದುಕೊಳ್ಳುತ್ತಿರುವಾಗಲೇ ಅವಳು ಹಿಂದಿನಿಂದ ಬಂದು ಕಾಗದವನ್ನು ಎತ್ತಿಕೊಂಡಳು. ಬಾಗಿಲ ಬೆಳಕಿಗೆ ಹಿಡಿದಳು. ತೋಳು ಚಾಚಿ ದೂರದಿಂದ ನೋಡಿದಳು, ಹತ್ತಿರ ತಂದು ನೋಡಿದಳು. ಅವಳು ಬೈದರೆ ಸಾಕು, ಇವನಲ್ಲ ಎಂದರೆ ಸಾಕು ಎಂದು ನಾನು ನಿಜವಾಗಿ ಬೇಡಿಕೊಳ್ಳುತ್ತಿದ್ದೆ. ಅವಳೊಬ್ಬಳಲ್ಲಾದರೂ ಅವನು ಉಳಿದಿದ್ದಾನೆ ಎಂದಾಗುತ್ತಿತ್ತು.

"ಇವನೇ," ಎಂದಳು ಅಮ್ಮ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ನನ್ನ ಮಗ ಇವನೇ. ನೋಡು ಬೆರೊ, ಎಷ್ಟು ಲಕ್ಷಣವಾಗಿದ್ದ."

ಪೀಠದ ಮೇಲೆ ಚಿತ್ರ ಒರಗಿಸಿ, ಮುಂದೆ ಅನ್ನದುಂಡೆಯ ತಟ್ಟೆಯಿಟ್ಟು, ಮೇಣದಬತ್ತಿ ಹಚ್ಚಿದಳು. ನಾನು ಅವಳ ಪಕ್ಕದಲ್ಲಿ ಮೊಣಕಾಲೂರಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡೆ. ಪ್ರಾರ್ಥನೆ ಅರ್ಧವಾದಾಗ ಅವಳಿಗೆ ಏನೋ ಹೊಳೆಯಿತು. ಎದ್ದುಹೋಗಿ ನನ್ನ ಲೇಖನಿಯನ್ನು ತಂದು ಕೈಗಿಟ್ಟಳು.

"ಕೆಳಗೆ ಹೆಸರು ಬರಿ. ಇಲ್ಲಾಂದ್ರೆ ಬಂದೋರು ಯಾರಾದ್ರೂ ಆ ಸಿನಿಮಾದವನು ಅಂದ್ಕೊಂಡುಬಿಡ್ತಾರೆ."

ಬರೆದೆ. ಡೆನ್ಸಿಯೊನ ಪೂರ್ತಿ ಹೆಸರು, ಫಿಡೆನ್ಸಿಯೊ ಮಲಿಕ್ಸಿ ಎಂದು, ದಪ್ಪ ಅಕ್ಷರದಲ್ಲಿ, ಅವಳಿಗೂ ಓದಲು ಬರುವ ಹಾಗೆ.